ಗಿರಿಜಾಂಬಾ ಆರಿಸಿದ ಕೇಬಲ್

ನನ್ನ ದೊಡ್ಡಮ್ಮ ಗಿರಿಜಾಂಬಾ ಅವರನ್ನು ಯಾರಾದರೂ ಕಿವುಡಿ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆಲ್ದೂರಿನ ಬಸ್‌ಸ್ಟ್ಯಾಂಡಿನ ಎದುರು ಬಹಳ ವರ್ಷ ದಿನಸಿ ಅಂಗಡಿ ನಡೆಸಿದವರು ಅವರು. ಬಸ್ಸಿನ ಹಾರನ್ನಿನ ನಡುವೆಯೂ ಹಿಂದೆ ನಿಂತ ಗಿರಾಕಿ ಪಿಸುಗುಟ್ಟಿದ್ದನ್ನು ಹಿಡಿದು, "ನನ್ ಬೇಳೆ ಹಳೇದು ಅಂದೋರು ಯಾರು, ಮುಂದೆ ಬನ್ನಿ" ಎಂದು ಕರೆಯುತ್ತಿದ್ದರು. ಎಪ್ಪತ್ತು ದಾಟಿದ ಮೇಲೆ ಸದ್ದು ಕೇಳಿಸುತ್ತದೆ, ಮಾತು ಬಿಡಿಸಿ ತಿಳಿಯುವುದಿಲ್ಲ. ಕಿವಿಗೆ ಮಿಷನ್ ಹಾಕಿಸಿದ್ದೂ ಆಯಿತು. ಅದರಲ್ಲಿ ಮಾತಿಗಿಂತ ಪಾತ್ರೆ ಸದ್ದೇ ಜೋರು ಎಂದು ತೆಗೆದಿಟ್ಟರು. ಅವರಿಗೆ ಉಳಿದಿದ್ದು ಸಂಜೆಯ ಧಾರಾವಾಹಿ ಒಂದೇ, ಅದೂ ಬರೀ ಬೊಂಬೆಯಾಟವಾಗಿತ್ತು.

ಅಷ್ಟರಲ್ಲಿ ಅವರ ಮಗ ರುದ್ರೇಶಣ್ಣ ಹೋಮ್ ಥಿಯೇಟರ್ ತಂದ. ಅಕ್ಕಪಕ್ಕ, ಹಿಂದೆ ಸ್ಪೀಕರುಗಳು, ಟಿವಿಯ ಕೆಳಗೊಂದು, ನೆಲ ನಡುಗಿಸುವುದಕ್ಕೆ ಮತ್ತೊಂದು. ಟಿವಿಗೆ ಜೋಡಿಸಿದ್ದು ಮಾತ್ರ ಮನೆಯಲ್ಲಿ ಬಿದ್ದಿದ್ದ ಕೆಂಪು-ಬಿಳಿ ವೈರು. ನೆಲ ನಡುಗಿತು, ಮಾತು ಕೇಳಿಸಲಿಲ್ಲ. ದೊಡ್ಡಮ್ಮ ಒಂದೊಂದೇ ಸ್ಪೀಕರನ್ನು ಮುಟ್ಟಿ ನೋಡಿದರು. ಟಿವಿಯ ಕೆಳಗಿನದು ಮಿಸುಕಾಡುತ್ತಲೇ ಇರಲಿಲ್ಲ.

ದೊಡ್ಡಮ್ಮ, ರುದ್ರೇಶಣ್ಣ, ನಾನು ಮೂವರೂ ಚಿಕ್ಕಮಗಳೂರಿಗೆ, ಟಿವಿ ಸಾಮಾನು ಮಾರುವ ಧರ್ಮೇಶನ ಅಂಗಡಿಗೆ ಹೋದೆವು. ಮಾತು ಬರುವುದೇ ಆ ಕೆಳಗಿನ ಸ್ಪೀಕರಿನಿಂದ, ಹಳೇ ವೈರು ಅಲ್ಲಿಗೆ ಮಾತನ್ನು ಮುಟ್ಟಿಸುವುದಿಲ್ಲ, ಡಿಜಿಟಲ್ ಕೇಬಲ್ ಬೇಕು ಎಂದ ಧರ್ಮೇಶ. ಎಲ್ಲವನ್ನೂ ರುದ್ರೇಶಣ್ಣನಿಗೇ ಹೇಳಿದ. ಕೊನೆಗೆ ಚಿನ್ನದ ಬಣ್ಣದ ತುದಿಯ, ಹಗ್ಗದಷ್ಟು ದಪ್ಪದ ಎಚ್‌ಡಿಎಂಐ ಕೇಬಲ್ ಮುಂದಿಟ್ಟ.

"ಇದ್ರಲ್ಲಿ ಮಾತು ಬಿಡಿಸಿ ಕೇಳ್ಸುತ್ತಾ ಅಪ್ಪಾ?" ಎಂದರು ದೊಡ್ಡಮ್ಮ.

"ಅಜ್ಜಿಗ್ಯಾಕೆ ಸಾರ್ ಇದೆಲ್ಲ," ಎಂದು ಅವನು ರುದ್ರೇಶಣ್ಣನ ಕಡೆ ನೋಡಿ ನಕ್ಕ. ರುದ್ರೇಶಣ್ಣನೂ ನಕ್ಕನಲ್ಲ, ನನಗೆ ರೇಗಿದ್ದು ಅದಕ್ಕೆ.

"ಕೇಳೋ ಕಿವಿ ನಂದು, ನನ್ ಹತ್ರ ಮಾತಾಡು. ಮೊದ್ಲು ಹಾಕಿ ತೋರ್ಸು."

ತೋರಿಸದೆ ವಿಧಿಯಿರಲಿಲ್ಲ. ಆ ದಪ್ಪ ಕೇಬಲ್ಲಿನಲ್ಲೂ, ಬೆಳಕಿನ ಮೂಲಕ ಸದ್ದು ಸಾಗಿಸುವ, ಕಡ್ಡಿಯಂಥ ಆಪ್ಟಿಕಲ್ ಕೇಬಲ್ಲಿನಲ್ಲೂ ಮಾತು ಒಂದೇ ರೀತಿ ಬಂತು. ದೊಡ್ಡಮ್ಮ ಸಣ್ಣದನ್ನೇ ಎತ್ತಿಕೊಂಡರು. "ಚಿನ್ನ ಬೇಕಾದ್ರೆ ಕೊರಳಿಗೆ ಹಾಕ್ಕೋತೀನಿ. ಟಿವಿ ಹಿಂದೆ ಯಾರ್ ನೋಡ್ಬೇಕು?"

ಅಂದಿನಿಂದ ಅವರು ಧಾರಾವಾಹಿಯ ಅತ್ತೆಗೆ ಎದುರುತ್ತರ ಕೊಡುವಷ್ಟು ಚುರುಕಾದರು.

ನಾನು ಮತ್ತೆ ಅವರ ಮನೆಗೆ ಹೋದ ಸಂಜೆ, ಕಾಫಿ ಹೂ ಅರಳಿಸುವ ಹೂಮಳೆ ಗುಡುಗಿತು. ಗುಡುಗಿದರೆ ನಮ್ಮ ಕಡೆ ಮನೆಯ ಪ್ಲಗ್ಗುಗಳನ್ನೆಲ್ಲ ಕಿತ್ತಿಡುವುದು ರೂಢಿ. ರುದ್ರೇಶಣ್ಣ ಟಿವಿಯ ಹಿಂದಿನ ವೈರುಗಳನ್ನೂ ಕಿತ್ತ. ಮಳೆ ನಿಂತ ಮೇಲೆ ಮತ್ತೆ ಜೋಡಿಸಿದ. ಚಿತ್ರ ಬಂತು, ದೊಡ್ಡಮ್ಮನಿಗೆ ಮಾತು ತಿಳಿಯಲಿಲ್ಲ.

"ನಿನ್ ಕಿವಿ ಪೂರ್ತಿ ಹೋಯ್ತು ಕಣಮ್ಮ. ನಾಳೆ ಡಾಕ್ಟ್ರ ಹತ್ರ ಹೋಗಣ," ಎಂದು ಅವರ ಕಿವಿಯ ಹತ್ತಿರ ಕಿರುಚಿದ. ಸೊಸೆ ಸುಪ್ರಿಯಾ, "ವಯಸ್ಸಾಯ್ತಲ್ಲ ಅತ್ತೆ" ಎಂದಳು. ಒಬ್ಬರಾದರೂ ಟಿವಿಯ ಹಿಂದೆ ಇಣುಕಬಾರದೆ?

ದೊಡ್ಡಮ್ಮ ಎದ್ದು ಕೆಳಗಿನ ಸ್ಪೀಕರನ್ನು ಮುಟ್ಟಿದರು. ಟಾರ್ಚ್ ಹಿಡಿದು ಹಿಂದೆ ಬಗ್ಗಿದರು. ಆಪ್ಟಿಕಲ್ ಕೇಬಲ್ ನೇತಾಡುತ್ತಿತ್ತು. ಅದರ ಬದಲು ಹಳೇ ಕೆಂಪು-ಬಿಳಿ ವೈರನ್ನು ಸಿಕ್ಕಿಸಿದ್ದ ಮಹಾರಾಯ!

"ಕೆಟ್ಟಿದ್ದು ನನ್ ಕಿವಿಯೋ, ನಿನ್ ಕಣ್ಣೋ?" ಎಂದು ವೈರನ್ನು ಕಿತ್ತು ಅವನ ಕಾಲ ಬಳಿ ಎಸೆದರು. ಕೇಬಲ್ ಸರಿ ಮಾಡಿ ಕೂತರು. ಮಾತು ಬಂತು.

ರುದ್ರೇಶಣ್ಣ ತಪ್ಪಾಯಿತು ಎನ್ನಲಿಲ್ಲ. ಮುಖ ಊದಿಸಿಕೊಂಡು ಅಡುಗೆಮನೆಯತ್ತ ನಡೆಯುತ್ತ, "ಟಿವಿ ಮಾತು ಒಂದಕ್ಷರ ಬಿಡಲ್ಲ, ನಾವ್ ಕರೆದ್ರೆ ಮಾತ್ರ ಕೇಳಲ್ಲ" ಎಂದು ಗೊಣಗಿದ.

"ಏನಂದ ಅವ್ನು?" ಎಂದು ದೊಡ್ಡಮ್ಮ ನನ್ನನ್ನು ಕೇಳಿದರು. ಎದುರಿಗೆ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮುಚ್ಚಿಡುವ ಮನಸ್ಸಾಗಲಿಲ್ಲ. ಅವರು ಟಿವಿಯ ಸದ್ದು ಒಂಚೂರು ತಗ್ಗಿಸಿದರು.

"ಟಿವಿಯವ್ರು ನನ್ ಕಡೆ ಮುಖ ಮಾಡಿ ಮಾತಾಡ್ತಾರೆ ಅಂತ ಹೇಳು ಅವ್ನಿಗೆ."