ಮೂರೇ ಕಾಯಿ ಕದ್ದ ಕೆಂಚಪ್ಪ

ಕೆಂಚಪ್ಪ ಕಳ್ಳತನಕ್ಕೆ ಹೊರಟರೆ ಚಪ್ಪಲಿಯನ್ನು ನಮ್ಮ ಜಗಲಿಯ ಕೆಳಗೆ ಬಿಟ್ಟು ಹೋಗುತ್ತಿದ್ದ. ತೆಂಗಿನ ಮರ ಹತ್ತುವವನಿಗೆ ಚಪ್ಪಲಿ ಯಾತಕ್ಕೆ? ಒಂದರ ಪಟ್ಟಿ ನೀಲಿ, ಇನ್ನೊಂದರದು ಕೆಂಪು. ಹೊಳೆನರಸೀಪುರದ ಕಡೆಯ ನಮ್ಮೂರಲ್ಲಿ ಆ ಜೋಡಿ ಎಲ್ಲರಿಗೂ ಗೊತ್ತು. ಅದು ಕಂಡಿತೋ, ಹೆಂಗಸರು ಮಧ್ಯಾಹ್ನದ ಸೀರಿಯಲ್ ಬಿಟ್ಟು ಹಿತ್ತಲಿಗೆ ಓಡಿ ತಮ್ಮ ತಮ್ಮ ಮರ ನೋಡಿಕೊಂಡು ಬರುತ್ತಿದ್ದರು.

"ಲೋ ಕೆಂಚಾ, ನಿನ್ನ ಮನೇಲೇ ಬಿಟ್ಟು ಬರೋಕೆ ಏನೋ ರೋಗ?" ಅಂದೆ ಒಂದು ಸಲ.

"ಬಾಗ್ಲಲ್ಲಿ ಬಿಟ್ರೆ ಯಾವನಾದ್ರೂ ಕದ್ಬುಡ್ತಾನೆ ಕಣವ್ವಾ. ಕಾಲ ಕೆಟ್ಟೋಗದೆ."

ಕೂಲಿಗೆ ಎಲ್ಲರ ಕಾಯಿ ಕೀಳುತ್ತಿದ್ದವನೂ ಅವನೇ. ಕದ್ದರೆ ಮಾತ್ರ ಮೂರು, ಅದಕ್ಕಿಂತ ಒಂದು ಹೆಚ್ಚಿಲ್ಲ. ಸಾರಿಗೊಂದು, ಚಟ್ನಿಗೊಂದು, ಬೀಡಿಗೊಂದು. "ನಾಕ್ನೇದು ಕಿತ್ರೆ ಅದು ಯಾಪಾರ ಆಯ್ತದೆ" ಅನ್ನುತ್ತಿದ್ದ. ಪೊಲೀಸ್ ಅಂತ ಹೇಳಿಕೊಂಡು ಫೋನಿನಲ್ಲಿ ಹೆದರಿಸಿ ದೋಚುವವರ ಸುದ್ದಿ ಹೇಳಿದಾಗ ಮುಖ ಸಿಂಡರಿಸಿದ. "ಥೂ, ಕುಂತಲ್ಲೇ ಕದಿಯಾದಾ? ಬೆವರೂ ಬರಲ್ವಲ್ಲವ್ವಾ!"

ಇಂಥವನ ಮೇಲೆ ಎಷ್ಟೋ ವರ್ಷದ ಹಿಂದೆ ಮಂಡಿ ಸಾಹುಕಾರರು ಮೂವತ್ತು ಕಾಯಿ ಕದ್ದ ಅಂತ ಕಂಪ್ಲೇಂಟ್ ಕೊಟ್ಟರು. ಸಿಕ್ಕಿಬಿದ್ದಾಗ ಪಂಚೆಯಲ್ಲಿ ಇದ್ದದ್ದು ಮೂರೇ. ಇನ್ನು ಅವನು ಹತ್ತಿದ್ದ ಮರ ನಿಂತಿದ್ದದ್ದೋ ಕೆರೆಯ ಅಂಗಳದಲ್ಲಿ. ವರ್ಷ ವರ್ಷ ಬೇಲಿ ಸರಿಸಿ ಸಾಹುಕಾರರು ಅರ್ಧ ಕೆರೆಯನ್ನು ತೋಟ ಮಾಡಿಕೊಂಡಿದ್ದರು. ಅದಕ್ಕೆ ಯಾರೂ ಕಂಪ್ಲೇಂಟ್ ಕೊಡಲಿಲ್ಲ. ಕೆರೆಯನ್ನು ಪಂಚೆಯಲ್ಲಿ ಕಟ್ಟಿಕೊಂಡು ಹೋಗಿದ್ದರೆ ಅವರೂ ಸಿಕ್ಕಿಬೀಳುತ್ತಿದ್ದರೋ ಏನೋ.

"ಒಪ್ಕೊಂಡ್ಬಿಡು ಕೆಂಚಪ್ಪ, ದಂಡ ಹಾಕಿ ಇವತ್ತೇ ಬಿಡ್ತಾರೆ" ಅಂದರು ಲಾಯರು.

"ಮೂರಕ್ಕಾದ್ರೆ ಈಗ್ಲೇ ಒಪ್ಕತೀನಿ ಸಾ. ಮೂವತ್ತಕ್ಕೆ ಸತ್ರೂ ಇಲ್ಲ."

"ಕದ್ದಿದ್ದು ಕದ್ದಿದ್ದೇ ಅಲ್ವೇನಯ್ಯಾ?"

"ಅಂಗಂದ್ರೆ ಎಂಗೆ ಸಾ? ನಂಗೂ ಸಾವ್ಕಾರ್ರಿಗೂ ಯತ್ಯಾಸ ಬ್ಯಾಡ್ವಾ?"

ಅಲ್ಲಿಂದ ಶುರುವಾಯಿತು ಕೋರ್ಟಿನ ವಾಯಿದೆ. ಸಾಹುಕಾರರು ಬಂದ ದಿನ ಜಡ್ಜ್ ಸಾಹೇಬರು ರಜ, ಸಾಹೇಬರು ಬಂದ ದಿನ ಸಾಹುಕಾರರಿಗೆ ಬಿ.ಪಿ. ಅಷ್ಟರಲ್ಲಿ ಠಾಣೆಯ ಮೂಲೆಯಲ್ಲಿ ಚೀಟಿ ಅಂಟಿಸಿ ಇಟ್ಟಿದ್ದ ಸಾಕ್ಷಿಯ ಕಾಯಿಗಳು ಸೋರುವ ಸೂರಿನ ನೀರು ಕುಡಿದು ಮೊಳಕೆ ಒಡೆದವು. ಯಾರೋ ಪುಣ್ಯಾತ್ಮ ಪೇದೆ ಅವನ್ನು ಹಿತ್ತಲಲ್ಲಿ ನೆಟ್ಟ. ಕೇಸು ನಿಂತಲ್ಲೇ ನಿಂತಿತ್ತು, ಸಸಿಗಳು ಮಾತ್ರ ಬೆಳೆದು ಮರವಾಗಿ ಗೊನೆ ಬಿಟ್ಟವು.

ಕೆಂಚಪ್ಪನಿಗೆ ಹಿಗ್ಗೋ ಹಿಗ್ಗು. ಮುಂದಿನ ವಾಯಿದೆಯಲ್ಲಿ ಕೈಮುಗಿದು ಹೇಳಿಯೇಬಿಟ್ಟ: "ಮಾಸ್ವಾಮಿ, ಠಾಣೆ ಇಂದ್ಗಡೆ ಓಗಿ ನೋಡಿ. ಮೂರು ಮರ ಅವೆ. ಮೂವತ್ತು ಕದ್ದಿದ್ರೆ ಅಲ್ಲಿ ತ್ವಾಟನೇ ಇರ್ತಿತ್ತಲ್ವಾ?"

ಸಾಹೇಬರು ನಕ್ಕರಂತೆ. ನಕ್ಕು, ಇನ್ನೊಂದು ತಾರೀಖು ಕೊಟ್ಟರಂತೆ.

ಕಡೆಯ ಸಲ ಅವನನ್ನು ಕಂಡದ್ದು ಹೋದ ವರ್ಷ. ನೀಲಿ-ಕೆಂಪು ಜೋಡಿ ಜಗಲಿಯ ಕೆಳಗೆ ಬಂತು.

"ಈ ವಯಸ್ನಲ್ಲಿ ಯಾರ ಮರಾನೋ?" ಅಂದೆ.

"ಠಾಣೇದು ಕಣವ್ವಾ. ಕಾಯಿ ಕೀಳಕ್ಕೆ ಅವ್ರೇ ಕರ್ದವ್ರೆ, ಬ್ಯಾರೆ ಯಾರ್ಗೂ ಅತ್ತಕ್ ಬರಲ್ವಂತೆ."

ಸಂಜೆ ಏದುಸಿರು ಬಿಡುತ್ತಾ ಬಂದು ಪಂಚೆಯ ಗಂಟು ಬಿಚ್ಚಿ ನನ್ನ ಮುಂದೆ ಕಾಯಿ ಉರುಳಿಸಿದ.

"ಕೊಟ್ರೇನೋ?"

"ಕೊಟ್ಟಿದ್ದು ನಂಗೆ ಅರಗಲ್ಲ. ಎಣಿಸ್ಕವ್ವಾ. ನಾಳೆ ಯಾವನಾದ್ರೂ ಮೂವತ್ತು ಅಂದ್ರೆ ನೀನೇ ಸಾಕ್ಷಿ."

ಮುಂದಿನ ವಾಯಿದೆ ಬರುವ ಮೊದಲೇ ಕೆಂಚಪ್ಪ ಹೋಗಿಬಿಟ್ಟ. ಆರೋಪಿ ಇಲ್ಲ ಅಂತ ಕೇಸು ಮುಚ್ಚಿದರು. ಕಾಗದದಲ್ಲಿ ಮೂವತ್ತು ಮೂವತ್ತಾಗಿಯೇ ಉಳಿಯಿತು. ನನ್ನನ್ನು ಯಾರೂ ಕರೆದು ಕೇಳಲಿಲ್ಲ, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ: ಅವತ್ತು ಅವನು ತಂದದ್ದು ಮೂರು. ನಾನೇ ಎಣಿಸಿದ್ದೇನೆ. ಅಷ್ಟನ್ನೂ ತುರಿದು ಚಟ್ನಿ ಮಾಡಿ ತಿಂದವಳೂ ನಾನೇ. ಕೇಸು ಹಾಕುವವರು ಹಾಕಲಿ. ಆದರೆ ಮೂರಕ್ಕೆ.