ನಾನು ಸುಳ್ಳು ರೋಗಿಯಾದ ದಿನ

"ಯವ್ವಾ, ಸತ್ತೆನ್ರಿ" ಎಂದು ಹೊಟ್ಟೆ ಹಿಡಿದುಕೊಂಡು ಮಂಚದ ಮೇಲೆ ನಾನು ನರಳುತ್ತಿದ್ದೆ. ಗೋಕಾಕದ ನಮ್ಮ ಆಸ್ಪತ್ರೆಯಲ್ಲಿ ರೋಗಿಗಳ ಆರೈಕೆಗೆ ಜನರನ್ನು ಆರಿಸುತ್ತಿದ್ದೆವು. ಬಂದವರ ಮನಸ್ಸು ತಿಳಿಯಲು ಡಾಕ್ಟರನಾದ ನಾನೇ ಸುಳ್ಳು ರೋಗಿಯಾಗುವ ಉಪಾಯವೂ ನನ್ನದೇ. ಪಕ್ಕದ ಕುರ್ಚಿಯಲ್ಲಿ ಹಿರಿಯ ನರ್ಸ್ ಶಾಂತಕ್ಕ ಸೆರಗು ಹೊದ್ದುಕೊಂಡು ಅಂಕ ಬರೆಯುತ್ತಿದ್ದರು.

ಅಲ್ಲಿಯವರೆಗೆ ಬಂದವರೆಲ್ಲ ಓಡಿ ಬಂದು ನನ್ನ ಕೈ ಹಿಡಿದಿದ್ದರು. ತುಕ್ಕಾನಟ್ಟಿಯ ಕುರಿ ಸಾಕುವ ಮನೆಯ ಲಕ್ಕವ್ವ ಮಾತ್ರ ನನ್ನನ್ನು ಒಂದು ಗಳಿಗೆ ನೋಡಿ, ನೇರವಾಗಿ ಶಾಂತಕ್ಕನ ಬಳಿ ಹೋಗಿ ಹಣೆ ಮುಟ್ಟಿದಳು.

"ಅಕ್ಕಾರ, ಮೈ ಸುಡಾಕತ್ತೈತ್ರಿ. ಮೊದಲ ನೀವು ಮಲಕೋರಿ" ಎಂದವಳು ನನ್ನ ಕಡೆ ತಿರುಗಿದಳು. "ಸರ್, ನೀವು ಛಲೋ ನರಳ್ತೀರಿ. ಆದ್ರ ಖರೆ ಜಡ್ಡಾದ ಕುರಿ ಒದರೂದಿಲ್ರಿ, ಸುಮ್ನ ನಿಂತಿರ್ತೈತಿ. ಸ್ವಲ್ಪ ಏಳ್ರಿ, ಅಕ್ಕಾರಿಗೆ ಮಂಚ ಬೇಕು."

ನಾನು ತೆಪ್ಪಗೆ ಎದ್ದು ಮಂಚ ಬಿಟ್ಟುಕೊಟ್ಟೆ. ನೋಡಿದರೆ ನೂರಾಮೂರು ಡಿಗ್ರಿ ಜ್ವರ. ಶಾಂತಕ್ಕ ಮಲಗಿಕೊಂಡೇ ಲಕ್ಕವ್ವನ ಹೆಸರಿನ ಮುಂದೆ ಪೂರ್ತಿ ಅಂಕ ಬರೆದರು.

ಲಕ್ಕವ್ವ ಈಗ ನಮ್ಮಲ್ಲೇ ಕೆಲಸಕ್ಕಿದ್ದಾಳೆ. ಬೆಳಗಿನಿಂದ ಮೊಳ ದೂರದಲ್ಲೇ ಕುಳಿತಿದ್ದವರ ಜ್ವರ ನನಗೇಕೆ ಕಾಣಲಿಲ್ಲ ಎಂದು ಅವಳು ಇವತ್ತಿಗೂ ಕೇಳಿಲ್ಲ.