ಹಿಂಡುವುದನ್ನು ಬಿಟ್ಟ ಅತ್ತೆ

ನಮ್ಮ ಅತ್ತೆಯ ಎರಡೂ ಹೆಬ್ಬೆರಳುಗಳ ಗಿಣ್ಣಿನ ಮೇಲೆ ಹುಣಸೆ ಬೀಜದಷ್ಟು ದಪ್ಪಗೆ ಚರ್ಮ ಗಟ್ಟಿಯಾಗಿತ್ತು. ಎಮ್ಮೆಯ ಮೊಲೆ ಬಿರುಸು, ಬೆರಳ ತುದಿಗೆ ಬಗ್ಗುವುದಿಲ್ಲ. ಹೆಬ್ಬೆರಳನ್ನು ಒಳಗೆ ಮಡಚಿ ಗಿಣ್ಣಿನಿಂದ ಒತ್ತಿ ಹಿಂಡಬೇಕು. ಮದುವೆಯಾಗಿ ಪಟ್ಟದಕಲ್ಲಿಗೆ ಬಂದಾಗಿನಿಂದ ಬೆಳಿಗ್ಗೆ ಸಂಜೆ ಹಾಗೆ ಹಿಂಡಿದ ಕೈಗಳು ಅವು. ನಾನು ಗೌಂಡಿ. ಕಲ್ಲು, ಸಿಮೆಂಟು ಹಿಡಿದ ನನ್ನ ಅಂಗೈಯೂ ಮೆತ್ತಗಿಲ್ಲ. ಆದರೂ ಮದುವೆಯ ದಿನ ಮಗಳ ಕೈಯನ್ನು ನನ್ನ ಕೈಗೆ ಇಡುವಾಗ ಆ ಗಿಣ್ಣು ತಾಗಿತು. ಈಕೆ ನನಗಿಂತ ಹೆಚ್ಚು ದುಡಿದವರು ಅಂದುಕೊಂಡೆ. ಇನ್ನೊಬ್ಬರ ಬಗ್ಗೆ ಹಾಗೆ ಸುಲಭಕ್ಕೆ ಅಂದುಕೊಳ್ಳುವವನಲ್ಲ ನಾನು.

ಮಾವ ತೀರಿ ಬಹಳ ಕಾಲವಾಗಿತ್ತು. ಇದ್ದವಳು ಒಬ್ಬಳೇ ಮಗಳು, ನನ್ನ ಹೆಂಡತಿ. ಹುನಗುಂದಕ್ಕೆ ಬಂದು ನಮ್ಮ ಜೊತೆ ಇರಿ ಎಂದರೆ, "ಮಗಳ ಮನಿಯಾಗ ಎರಡು ದಿನ ಇದ್ರಷ್ಟ ಚಂದರಿ" ಎಂದು ನಗುತ್ತಿದ್ದರು. ಸ್ನಾನ, ಲಿಂಗಪೂಜೆ, ಆಮೇಲೆ ಎಮ್ಮೆ, ಆಮೇಲೆ ರೊಟ್ಟಿ. ಬಿಸಿಲೇರುವ ಹೊತ್ತಿಗೆ ಬುಟ್ಟಿ ಹೊತ್ತು ಗುಡಿಗಳ ಎದುರಿನ ಬೇವಿನ ಮರದ ಕೆಳಗೆ ಕೂತಿರುತ್ತಿದ್ದರು. ಖಡಕ್ ರೊಟ್ಟಿ, ಗುರೆಳ್ಳು ಚಟ್ನಿ, ಕಾಳುಪಲ್ಯ, ಮಣ್ಣಿನ ಕುಡಿಕೆಗಳಲ್ಲಿ ಮೊಸರು. ಕುಡಿಕೆ ಬೋರಲು ಹಾಕಿದರೂ ಬೀಳದಂಥ ಮೊಸರು. ಬುಟ್ಟಿ ನಡೆಯುತ್ತಿದ್ದದ್ದೇ ಆ ಮೊಸರಿನಿಂದ. ಗಿರಾಕಿ ಬೆಲೆ ಕೇಳಿದರೆ ಒಂದೇ ಮಾತು: "ಮೊದಲ ಉಣ್ರಿ, ಆಮ್ಯಾಲ ಮಾತು."

ನನ್ನೆದುರು ಮಾತ್ರ ಅವರು ಎಂದೂ ಕೂತವರಲ್ಲ. ಅಳಿಯ ಬಂದರೆ ಸೆರಗು ತಲೆಯ ಮೇಲೆ ಬರುತ್ತಿತ್ತು. ತಾಟು ಇಟ್ಟು ಅಡುಗೆಮನೆಯ ಬಾಗಿಲ ಹಿಂದೆ ನಿಲ್ಲುತ್ತಿದ್ದರು. ಅಲ್ಲಿಂದಲೇ ಮಾತು. ಅವರ ಮುಖಕ್ಕಿಂತ ಬಾಗಿಲ ಚೌಕಟ್ಟು ಹಿಡಿದ ಅವರ ಕೈಯನ್ನೇ ನಾನು ಹೆಚ್ಚು ನೋಡಿದ್ದೇನೆ.

ಒಂದು ವರ್ಷ ಪಟ್ಟದಕಲ್ಲಿನ ಹೊರಗೆ ಮನೆ ಕಟ್ಟುವ ಕೆಲಸ ಹಿಡಿದೆ. ಅತ್ತೆಯ ಮನೆಯಲ್ಲಿ ಬಿದ್ದಿರುವ ಅಳಿಯ ಅನ್ನಿಸಿಕೊಳ್ಳುವುದು ನನಗಾಗದು. ಕೆಲಸದ ಜಾಗದಲ್ಲೇ ಮಲಗುತ್ತಿದ್ದೆ. ಮಧ್ಯಾಹ್ನದ ಊಟಕ್ಕೆ ಮಾತ್ರ ಬರಲೇಬೇಕೆಂದು ಅತ್ತೆ ಹಟ ಹಿಡಿದಿದ್ದರಿಂದ ಹೋಗುತ್ತಿದ್ದೆ. ಊರಿಗೆ ಹೋಗಿ ಒಂದು ತಿಂಗಳು ಬಿಟ್ಟು ಬಂದ ದಿನ ತಾಟು ನೋಡಿ ನಾನು ದಂಗಾದೆ. ರೊಟ್ಟಿಯ ಮೇಲೆ ಬೆಣ್ಣೆ ಇಲ್ಲ. ಅನ್ನದ ಮೇಲೆ ತುಪ್ಪ ಇಲ್ಲ. ಮೊಸರಿನ ಬಟ್ಟಲೇ ಇಲ್ಲ. ನಮ್ಮ ಕಡೆ ಅಳಿಯನ ತಾಟಿಗೆ ತುಪ್ಪ ಬೀಳಲಿಲ್ಲವೆಂದರೆ ಎದ್ದು ಹೋಗು ಅಂದಂತೆಯೇ. ತುತ್ತು ಕೈಯಲ್ಲೇ ಹಿಡಿದು ಕೇಳಿದೆ.

"ಅತ್ತಿ, ಮೊಸರು ತೀರ್‍ಯಾವೇನ್ರಿ?"

"ಇಲ್ರಿ ಅಳಿಯಾರ. ಇನ್ನ ಈ ಮನಿಯಾಗ ಇರಂಗಿಲ್ಲ."

ಬಾಗಿಲ ಹಿಂದಿನಿಂದಲೇ, ದನಿ ಏರಿಸದೆ, ನಡೆದದ್ದನ್ನು ಹೇಳಿದರು. ಎಮ್ಮೆಯ ಕರು ಸತ್ತಿತ್ತು. ಕರು ಇಲ್ಲದೆ ಎಮ್ಮೆ ಹಾಲು ಇಳಿಸಲಿಲ್ಲ. ಪಕ್ಕದ ಮನೆಯಲ್ಲೇ ಇರುವ ಅತ್ತೆಯ ಮೈದುನ ಬಲ್ಲವರನ್ನು ಕರೆಸಿ ಕರುವಿನ ಚರ್ಮ ಸುಲಿಸಿ, ಒಣಗಿಸಿ, ಒಳಗೆ ಹುಲ್ಲು ತುಂಬಿ ಹೊಲಿಸಿ ತಂದರು. ಮೇಲೆ ಉಪ್ಪುನೀರು ಚಿಮುಕಿಸಿ ಎಮ್ಮೆಯ ಮುಂದೆ ನಿಲ್ಲಿಸಿದರು. ಹಳ್ಳಿಯಲ್ಲಿ ಇದು ಹೊಸತಲ್ಲ. ಎಮ್ಮೆ ನೆಕ್ಕಿತು, ಹಾಲು ಇಳಿಸಿತು, ಅತ್ತೆ ಹಿಂಡಿದರು. ಕೆಲವು ದಿನ ಹಾಗೇ ನಡೆಯಿತು.

"ಒಂದಿನಾ ಮುಂಜಾನಿ ಹಿಂಡಾಕ ಕುಂತಿದ್ನಿರಿ. ನೆಕ್ಕಿ ನೆಕ್ಕಿ ಹೊಲಿಗಿ ಬಿಚ್ಚಿತ್ತು. ಒಳಗಿನ ಹುಲ್ಲು ಹೊರಗ ಬಂತು." ಎಂದರು ಅತ್ತೆ. "ಆಕಿ ಅದನ್ನ ತಿನ್ನಾಕತ್ತಿದ್ಲು ಅಳಿಯಾರ. ತನ್ನ ಕರುವಿನ ಹೊಟ್ಟಿಯೊಳಗಿನ ಹುಲ್ಲು. ಈ ಕಡೆ ನಾ ಹಿಂಡಾಕತ್ತೀನಿ, ಆ ಕಡೆ ಆಕಿ ತಿನ್ನಾಕತ್ತಾಳ."

ಕೈಯ ತುತ್ತನ್ನು ತಾಟಿನಲ್ಲೇ ಬಿಟ್ಟೆ. ಕಟ್ಟಡದ ಮೇಲಿಂದ ಮನುಷ್ಯ ಬಿದ್ದದ್ದನ್ನು ಕಣ್ಣಾರೆ ಕಂಡವನು ನಾನು. ಆ ದಿನವೂ ಉಣ್ಣುವುದನ್ನು ಬಿಟ್ಟಿರಲಿಲ್ಲ.

ಅವರು ಆ ಕರುವನ್ನು ಹಿತ್ತಲಲ್ಲಿ ಹೂಳಿಸಿದ್ದರು. ಕೆಚ್ಚಲು ಬಿಗಿದು ನೋಯಬಾರದೆಂದು ಅಷ್ಟಿಷ್ಟು ಹಿಂಡಿ ಗಿಡದ ಬುಡಕ್ಕೆ ಸುರಿದು, ಬರಬರುತ್ತ ಎಮ್ಮೆಯನ್ನು ಬತ್ತಿಸುತ್ತಿದ್ದರು. ಅದನ್ನು ನೋಡಿ ಮೈದುನ ಅಂಗಳದಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಅಂದರಂತೆ: "ಹಿಂಡ್ಲಾರದ ಎಮ್ಮಿ ಕಟ್ಟಿ ಮೇಯಿಸಾಕ ನೀ ಏನ್ ದೊಡ್ಡ ಸಾವಕಾರ್ತಿಯೇನ ವೈನಿ? ದಲಾಲಿನ್ನ ಕರೀತೇನಿ, ಕೊಟ್ಟು ಕೈ ತೊಳಕೋ." ಬತ್ತಿದ ಎಮ್ಮೆಯನ್ನು ದಲಾಲಿ ಎಲ್ಲಿಗೆ ಒಯ್ಯುತ್ತಾನೆಂದು ನಮ್ಮೂರ ಕೂಸಿಗೂ ಗೊತ್ತು.

"ಬುಟ್ಟಿ ನಡದ್ರ ಆಕಿ ಇರ್ತಾಳ. ಬುಟ್ಟಿ ನಿಂತ್ರ ಆಕಿ ಹೋಗ್ತಾಳ" ಎಂದರು ಅತ್ತೆ. "ಮೊಸರಿನ ಜಾಗಾಕ್ಕ ಏನರ ಬೇಕ್ರಿ. ಅದಕ್ಕ ಇದನ್ನ ಓದಿ ಹೇಳ್ರಿ."

ಬಾಗಿಲ ಸಂದಿಯಿಂದ ಒಂದು ಪುಸ್ತಕ ನನ್ನತ್ತ ಸರಿದು ಬಂತು. ಗುಡಿ ನೋಡಲು ಬಂದಿದ್ದ ಹುಬ್ಬಳ್ಳಿಯ ಹೆಣ್ಣುಮಗಳೊಬ್ಬಳು ಬೇವಿನ ಮರದ ಕೆಳಗೆ ಈ ಎಮ್ಮೆಯ ಕಥೆ ಕೇಳಿ, ತನ್ನ ಚೀಲದಿಂದ ತೆಗೆದು ಕೊಟ್ಟು ಹೋಗಿದ್ದಳಂತೆ. ಹಾಲು, ತುಪ್ಪ, ಮೊಸರು ಏನೂ ಮುಟ್ಟದ ವೀಗನ್ ಅಡುಗೆಯ ಕನ್ನಡ ಪುಸ್ತಕ. ಹೈನು ಮಾಡಿ ಬದುಕಿದ ಮನೆಯೊಳಗೆ ಇಂಥ ಪುಸ್ತಕವೂ ಒಂದು ದಿನ ಬರುತ್ತದೆಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಅತ್ತೆಗೆ ಅಕ್ಷರ ಬಾರದು. ನಾನು ಐದನೆಯ ಇಯತ್ತೆಗೆ ಸಾಲಿ ಬಿಟ್ಟವನು. ಸಿಮೆಂಟ್ ಚೀಲದ ಮೇಲಿನದು, ಬಸ್ಸಿನ ಬೋರ್ಡು ಓದುತ್ತೇನೆ. ಆದರೂ ಆಗದು ಅನ್ನುವ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ದಿನಾ ಊಟವಾದ ಮೇಲೆ ಗೋಡೆಗೆ ಒರಗಿ ಬೆರಳಿಟ್ಟು ಓದತೊಡಗಿದೆ. ಅತ್ತೆ ಬಾಗಿಲ ಹಿಂದೆ.

"'ಒಂದು ಕಪ್ ಗೋಡಂಬಿಯನ್ನು ನೆನೆಸಿ...'"

"ಗೋಡಂಬಿ ಬಿಡ್ರಿ. ಮುಂದ ನಡೀರಿ."

"'ಓವನ್ ಅನ್ನು ಮೊದಲೇ ಬಿಸಿ ಮಾಡಿಟ್ಟುಕೊಳ್ಳಿ.'"

"ಅದೇನ್ರಿ?"

"ಬೇಕರಿ ಭಟ್ಟಿ ಇರತೈತಲ್ರಿ, ಅದರ ಮರಿ."

"ಅದನ್ನೂ ಬಿಡ್ರಿ. ನಮ್ಮಂಥಾವ್ರದು ಯಾವ ಹಾಳಿಯಾಗ ಐತಿ ನೋಡ್ರಿ."

ಮೊದಲು ಮಾಡಿದ್ದು ಸೋಯಾದ ಪಲ್ಯ. ಬಾದಾಮಿ ಪೇಟೆಯಿಂದ ಸೋಯಾ ಉಂಡೆ ನಾನೇ ತಂದುಕೊಟ್ಟಿದ್ದೆ. ಮರುದಿನ ತಾಟಿನಲ್ಲಿ ಅದನ್ನು ನೋಡಿ ನಾನು ಬೆಚ್ಚಿದೆ. ಕಂದು ಬಣ್ಣ, ಎಳೆ ಎಳೆ, ಮೇಲೆ ತೇಲುವ ಕೆಂಪು ಎಣ್ಣೆ. ಥೇಟ್ ಮಾಂಸ. ಅಷ್ಟರಲ್ಲಿ ಕೊತ್ತಂಬರಿ ಕೇಳಲು ಬಂದ ಎದುರು ಮನೆಯಾಕೆ ಒಲೆಯ ಮೇಲಿನ ಪಾತ್ರೆಗೆ ಇಣುಕಿ ಬಾಯಿಗೆ ಸೆರಗು ಒತ್ತಿಕೊಂಡಳು.

"ಏನಬೇ ಇದು? ಲಿಂಗಾ ಕಟ್ಟಿದ ಮನಿಯಾಗ ಏನ್ ಕುದಿಸಾಕತ್ತಿ? ಅಳಿಯ ಬಂದಾನಂತ ಇದನ್ನೂ ಸುರು ಮಾಡಿದ್ಯಾ?"

"ಕಾಳಿಂದ ಮಾಡಿದ್ದ ಐತಿ. ತಿಂದು ನೋಡ."

"ನೋಡಿದ್ದಕ್ಕ ಮತ್ತೊಮ್ಮೆ ಜಳಕಾ ಮಾಡಬೇಕು ನಾ. ತಿನ್ನೂದು ಬ್ಯಾರೆ ಕೇಡು."

ಆಕೆ ಹೋದ ಮೇಲೆ ನಾನು ನಕ್ಕೆ. ಅತ್ತೆ ನಗಲಿಲ್ಲ.

"ಜೀವಾ ಬ್ಯಾಡ ಅಂದಾವ್ರಿಗೆ ಅದರ ವೇಷಾ ಯಾಕ ಬೇಕ್ರಿ?" ಎಂದರು. "ಹುಲ್ಲು ತುಂಬಿದ ಕರಾ ಇದ್ದಂಗಾತು ಇದು."

ನನ್ನ ನಗೆ ಅಲ್ಲೇ ಸತ್ತಿತು. ಆ ಹಾಳೆಯನ್ನು ನಾವು ಮತ್ತೆ ತೆರೆಯಲಿಲ್ಲ.

ಶೇಂಗಾ ಮೊಸರು ಮಾಡುವುದನ್ನು ಓದಿದ ದಿನ ಅವರ ದನಿಯೇ ಬೇರೆಯಾಯಿತು. ಶೇಂಗಾ ನೆನೆಸಿ, ರುಬ್ಬಿ, ಸೋಸಿ, ಕಾಯಿಸಿ ಹೆಪ್ಪು ಹಾಕುವುದು. "ಇದು ನನ್ನ ಕೆಲಸಾರಿ" ಎಂದರು. ಮರುದಿನವೇ ಕುಡಿಕೆ ನನ್ನ ಮುಂದೆ ಬಂತು. ಗಟ್ಟಿ, ಬೆಳ್ಳಗೆ, ಹದವಾದ ಹುಳಿ. ನಾನು ಬಟ್ಟಲು ಬಳಿದು ತಿಂದೆ.

"ಭಾಳ ಛಲೋ ಆಗೇತ್ರಿ. ಹೆಪ್ಪಿಗೆ ಏನ್ ಹಾಕಿದ್ರಿ?"

ಬಾಗಿಲ ಹಿಂದಿನಿಂದ ಮೆಲ್ಲಗೆ ಅಂದರು: "ಎದುರ ಮನಿಯಿಂದ ಒಂದ ಚಮಚಾ ಮೊಸರು ಇಸಗೊಂಡು ಬಂದಿದ್ನಿರಿ."

ಜೀವನವಿಡೀ ಹೆಪ್ಪು ಹಾಕಿದ ಕೈ ಅದು. ತಲೆ ಬೇಡವೆಂದಿದ್ದರೂ ಕೈ ತಾನೇ ಹೋಗಿ ಎಮ್ಮೆಯ ಮೊಸರನ್ನು ಇಸಿದುಕೊಂಡು ಬಂದಿತ್ತು. ಸೆರಗು ಜಾರಿದ್ದೂ ತಿಳಿಯದೆ ಅತ್ತೆ ಹೊರಗೆ ಬಂದು ನನ್ನೆದುರೇ ನಿಂತರು. ಎಷ್ಟೋ ವರ್ಷಗಳಲ್ಲಿ ಅದೇ ಮೊದಲು. ಉಳಿದ ಕುಡಿಕೆಗಳನ್ನೆಲ್ಲ ಎತ್ತಿಕೊಂಡು ಹೋಗಿ ಎದುರು ಮನೆಯಾಕೆಗೇ ಕೊಟ್ಟು ಬಂದರು.

ಪುಸ್ತಕದಲ್ಲಿ ಹೆಪ್ಪಿನ ಬದಲು ಹಸಿಮೆಣಸಿನಕಾಯಿಯ ತೊಟ್ಟು ಹಾಕಿ ಎಂದಿತ್ತು. ನಾನು ಓದುವ ಅವಸರದಲ್ಲಿ ಆ ಸಾಲನ್ನು ಹಾರಿಸಿರಲಿಲ್ಲ. ಅವರೇ ಕೇಳಿಸಿಕೊಂಡಿರಲಿಲ್ಲ. ತೊಟ್ಟು ಹಾಕಿದ್ದು ಒಮ್ಮೆ ಹಳಸಿತು, ಒಮ್ಮೆ ನೀರಾಯಿತು, ಒಮ್ಮೆ ಖಾರವಾಯಿತು. ಕೊನೆಗೆ ಹೊಸ ಕುಡಿಕೆಯಲ್ಲಿ, ಜೋಳದ ಚೀಲದ ನಡುವೆ ಬೆಚ್ಚಗೆ ಇಟ್ಟದ್ದು ಹೆಪ್ಪುಗಟ್ಟಿತು. ಸೋಸಿ ಉಳಿದ ಶೇಂಗಾ ಹಿಂಡಿ ಎಮ್ಮೆಯ ಮೇವಿನ ಬಾನಿಗೆ ಹೋಯಿತು. "ಹಾಲು ನಮಗ, ಹಿಂಡಿ ಆಕಿಗೆ. ಈಗ ಲೆಕ್ಕ ಸರಿ ಆತು ನೋಡ್ರಿ" ಎಂದರು.

ಬುಟ್ಟಿ ಮತ್ತೆ ಬೇವಿನ ಮರಕ್ಕೆ ಹೋಯಿತು. ಏನೂ ಹೇಳದೆ ಮಾರಿರಿ, ತಿಂದವರಿಗೆ ಗೊತ್ತಾಗುವುದಿಲ್ಲ ಎಂದೆ. ಅವರು ನನ್ನನ್ನು ಕೆಟ್ಟ ಮಾತಾಡಿದವನಂತೆ ನೋಡಿದರು. "ಆಕಿಗೆ ಮಾಡಿದ್ದ ಮೋಸಾ ಸಾಕ್ರಿ. ಮಂದಿಗೂ ಮಾಡ್ಲೇನು?" ಬಂದವರಿಗೆಲ್ಲ ಶೇಂಗಾದ್ದು ಎಂದು ಹೇಳಿಯೇ ಕೊಟ್ಟರು. ಹಳೆಯ ಗಿರಾಕಿ ಒಬ್ಬ ಬಸ್ ಕಂಡಕ್ಟರ್ ಕುಡಿಕೆ ಎತ್ತಿ ನೋಡಿ, "ಏನಬೇ ಆಯಿ, ಎಮ್ಮಿ ಬಿಟ್ಟು ಶೇಂಗಾ ಗಿಡಾ ಹಿಂಡಾಕತ್ತಿಯೇನ?" ಎಂದ. "ಹೂನಪಾ, ಅದು ಒದೆಯಂಗಿಲ್ಲ. ಮೊದಲ ಉಣ್ಣು, ಆಮ್ಯಾಲ ಮಾತು." ಅವನು ಉಂಡ. ಎಲ್ಲರೂ ಉಣ್ಣಲಿಲ್ಲ. ಎಷ್ಟೋ ದಿನ ಕುಡಿಕೆಗಳು ಹಾಗೇ ಮನೆಗೆ ಮರಳಿದವು. ಆದರೂ ಎಮ್ಮೆಯ ಮುಂದೆ ಜೋಳದ ಕಣಿಕೆಯ ಮೇವು ತಪ್ಪಲಿಲ್ಲ. ತಮ್ಮ ರಾತ್ರಿಯ ಊಟ ಬಿಟ್ಟದ್ದನ್ನು ಅವರು ನನಗೆ ಹೇಳಲಿಲ್ಲ. ಎದುರು ಮನೆಯಾಕೆ ಹೇಳಿದಳು. ಕೇಳಿದರೆ, "ವಯಸ್ಸಾತ್ರಿ, ಹಸಿವಿ ಆಗಂಗಿಲ್ಲ" ಎಂದರು. ಜೋಳ, ಶೇಂಗಾ ಚೀಲ ತಂದು ಇಳಿಸಿದೆ. ಬೇಡವೆಂದು ಬಾಗಿಲ ಹಿಂದಿನಿಂದ ಜಗಳವಾಡಿದರು. ನಾನೂ ಆಡಿದೆ.

ಕೆಲಸ ಮುಗಿಸಿ ನಾನು ಹುನಗುಂದಕ್ಕೆ ಮರಳಿದ್ದೆ. ಹೋದ ವರ್ಷ ಸಂಕ್ರಮಣ ಮುಗಿದ ಮೇಲೆ ಒಂದು ಬೆಳಿಗ್ಗೆ ಫೋನು ಬಂತು. ಎಮ್ಮೆಗೆ ನೀರು ಇಟ್ಟು ಅಲ್ಲೇ ಕಟ್ಟೆಗೆ ಕೂತ ಅತ್ತೆ ಏಳಲಿಲ್ಲವಂತೆ. ಕಾಯಿಲೆ ಇಲ್ಲ, ಕಸಾಲೆ ಇಲ್ಲ. ಇವತ್ತಿಗೂ ನನ್ನ ಹೆಂಡತಿ ಆ ಸುದ್ದಿಯನ್ನು ಪೂರ್ತಿ ನಂಬಿಲ್ಲ.

ಮಣ್ಣು ಮಾಡಿದ ಮೂರನೆಯ ದಿನ ಸಮಾಧಿಗೆ ಹಾಲು ತುಪ್ಪ ಎರೆಯಬೇಕು. ಮೈದುನ ತಂಬಿಗೆಯಲ್ಲಿ ಹಾಲು, ಬಟ್ಟಲಲ್ಲಿ ತುಪ್ಪ ತಂದು ನನ್ನತ್ತ ಚಾಚಿದರು. ನನ್ನ ಕೈ ಮುಂದೆ ಹೋಗಲಿಲ್ಲ.

"ಇದನ್ನ ಎರಿಯೂದು ಬ್ಯಾಡ್ರಿ ಕಾಕಾ."

"ಹಾಲು ಬೀಳದಿದ್ರ ಆಕಿ ಆತ್ಮ ತಣ್ಣಗ ಆಗತೈತೇನೋ? ಹುಚ್ಚ ಹಿಡದೈತೇನ್ ನಿನಗ?"

ನೆರೆದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಅಲ್ಲಿಂದ ಅತ್ತೆಯ ಮನೆಗೆ ಬಂದೆ. ಅತ್ತೆ ನೆನೆಹಾಕುತ್ತಿದ್ದ ಡಬ್ಬಿಯಿಂದ ಶೇಂಗಾ ತೆಗೆದು ಬಿಸಿನೀರಿಗೆ ಹಾಕಿ, ಒಳಕಲ್ಲಿನ ಮುಂದೆ ಕೂತೆ. ಹುಟ್ಟಿದಾಗಿನಿಂದ ಒಳಕಲ್ಲು ಹಿಡಿದವನಲ್ಲ. ಗಂಡಸು ರುಬ್ಬುವುದನ್ನು ನೋಡಲು ಓಣಿಯ ಮಂದಿ ಬಾಗಿಲಲ್ಲಿ ನಿಂತರು. ಹೆಂಡತಿ ಬಂದು ಪಕ್ಕದಲ್ಲಿ ಕೂತು ಬಟ್ಟೆ ಹಿಡಿದಳು, ಇಬ್ಬರೂ ಸೋಸಿದೆವು. ತಾಯಿಯ ಈ ಅಡುಗೆಗೆ ಬಂಧುಗಳ ಮುಂದೆ ನಾಚಿಕೊಳ್ಳುತ್ತಿದ್ದವಳು ಅವಳೇ. ಆ ಹಾಲನ್ನೇ ಒಯ್ದು ಸಮಾಧಿಯ ಮಣ್ಣಿಗೆ ಎರೆದೆವು. ಮೈದುನ ಮುಖ ತಿರುಗಿಸಿ ನಿಂತಿದ್ದರು, ತಡೆಯಲಿಲ್ಲ.

ಅದೇ ದಿನ ಮಧ್ಯಾಹ್ನ ಮೈದುನ ಕರೆಸಿದ ದಲಾಲಿ ಹಗ್ಗ ಹಿಡಿದು ಅಂಗಳದಲ್ಲಿ ನಿಂತಿದ್ದ. ನಾನು ಈವರೆಗೆ ಯಾರ ಮುಂದೆಯೂ ಕೈ ಚಾಚಿದವನಲ್ಲ. ಮೈದುನನ ಮುಂದೆ ಕೈ ಮುಗಿದು ಎಮ್ಮೆಯನ್ನು ಬೇಡಿದೆ.

ಈಗ ಅದು ಹುನಗುಂದದಲ್ಲಿ ನಮ್ಮ ಮನೆಯ ಹಿಂದಿದೆ. ಕೊಟ್ಟಿಗೆಯನ್ನು ನಾನೇ ಕಟ್ಟಿದೆ, ಗಾಳಿ ಬೆಳಕು ನೋಡಿ. ಹೋಗಿ ಬರುವವರು ನಿಂತು ಕೇಳುತ್ತಾರೆ.

"ಹೊತ್ತಿಗೆ ಎಷ್ಟ ಹಾಲು ಕೊಡತೈತ್ರಿ ಗೌಂಡಿಯವರ?"

"ಏನೂ ಇಲ್ರಿ."

"ಮತ್ಯಾಕ ಕಟ್ಟೀರಿ?"

"ನಮ್ಮ ಅತ್ತಿ ಎಮ್ಮಿ ಐತ್ರಿ" ಎನ್ನುತ್ತೇನೆ. ಅವರು ತಲೆ ಕೊಡವಿ ಹೋಗುತ್ತಾರೆ. ನಾನು ಕಣಿಕೆ ಹಾಕುತ್ತೇನೆ.